ಈ ಸಲ ನೀರು ಬರಲಿಲ್ಲ, ಅದಕ್ಕೇ ಈ ಥ್ಯಾಂಕ್ಸ್

2025ರ ಮಳೆಗಾಲ ಮುಗಿಯಿತು. ಈ ವರ್ಷ ನಮ್ಮ ಬೀದಿಯಲ್ಲಿ ಯಾರ ಮನೆಗೂ ನೀರು ನುಗ್ಗಲಿಲ್ಲ. ನೆಲದೊಳಗಿನ ನೀರಿನ ಸಂಪ್‌ಗೆ ಕೊಳಚೆ ಸೇರಲಿಲ್ಲ. ಮೋಡ ಕಂಡ ಕೂಡಲೇ ಫ್ರಿಜ್ ಎತ್ತಿ ಟೇಬಲ್ ಮೇಲೆ ಇಡುವ ಕೆಲಸ ಇರಲಿಲ್ಲ. ನೀರು ಬಂದಾಗ ಬೈಯುವುದರಲ್ಲಿ ನಾವೆಲ್ಲ ಎಷ್ಟು ಚುರುಕು ಅಂತ ಗೊತ್ತೇ ಇದೆ. ಬರದೇ ಇದ್ದಾಗ ಮಾತ್ರ ಎಲ್ಲರೂ ಸುಮ್ನೆ ಇದ್ದುಬಿಡುತ್ತೇವೆ. ಹಾಗಾಗಬಾರದು ಅಂತ ಕೂತು ಬರೆಯುತ್ತಿದ್ದೇನೆ.

2022ರ ಸೆಪ್ಟೆಂಬರ್ ಕಥೆ ನಿಮಗೆಲ್ಲ ಗೊತ್ತು. ಗಣೇಶನ ಹಬ್ಬ ಆಗಿ ಇನ್ನೂ ವಾರ ತುಂಬಿರಲಿಲ್ಲ. 4ನೇ ತಾರೀಖು, ಭಾನುವಾರ ರಾತ್ರಿಯ ಮಳೆ. ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಲೆಕ್ಕಕ್ಕೆ 131.6 ಮಿಲಿಮೀಟರ್ ಸೇರಿತ್ತು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ಟಿ.ಕೆ. ಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ ನಗರದ ಹಲವು ಕಡೆ ಕಾವೇರಿ ನೀರು ಬರುವುದೇ ನಿಂತಿತು. ಹೊರಗೆ ಎಲ್ಲಿ ನೋಡಿದರೂ ನೀರು, ಒಳಗೆ ಕುಡಿಯಲು ಕ್ಯಾನ್ ಸಿಗುತ್ತಿಲ್ಲ. ಆ ವಾರದ ಫೋಟೊಗಳನ್ನು ಮತ್ತೆ ಹಾಕುವುದಿಲ್ಲ. ಅಪ್ಪನ ಆರೋಗ್ಯ ಆಗ ಹೇಗಿತ್ತು ಅನ್ನುವುದೂ ನಿಮಗೆ ಗೊತ್ತು, ಅದನ್ನೂ ಬಿಡುತ್ತೇನೆ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಬೀದಿ ಪಕ್ಕದ ಮಳೆನೀರು ಕಾಲುವೆಯ ತಡೆಗೋಡೆ ಕೆಲಸ ನಿಂತಾಗಲೆಲ್ಲ ಫೈಲ್ ಹಿಡಿದು ಓಡಾಡಿದ ಎಂಜಿನಿಯರ್ ಮೇಡಂಗೆ, ಕಾಲುವೆ ಪಕ್ಕದಲ್ಲೇ ಶೆಡ್ ಹಾಕಿಕೊಂಡು ಬೇಸಿಗೆ ಪೂರ್ತಿ ಕಾಂಕ್ರೀಟ್ ಹಾಕಿದ ಯಾದಗಿರಿ ಕಡೆಯ ಕೂಲಿಯವರಿಗೆ, ಟ್ರ್ಯಾಕ್ಟರ್ ತಂದ ಹಳ್ಳಿ ಹುಡುಗರಿಗೆ, ಪೆಂಡಾಲ್ ಒಲೆಯಲ್ಲೇ ಚಿತ್ರಾನ್ನ ಮಾಡಿ ಹಂಚಿದ ಗಣೇಶೋತ್ಸವದವರಿಗೆ, ನೀರು ಇಳಿದ ಮೇಲೆ ನಾರುವ ಕೆಸರನ್ನೆಲ್ಲ ಬಾಚಿದ ಪೌರಕಾರ್ಮಿಕರಿಗೆ ದೊಡ್ಡ ನಮಸ್ಕಾರ. ಸರ್ವೆಯವರು ಕಾಲುವೆ ಜಾಗ ಅಂತ ಗುರುತು ಹಾಕಿ ಹೋದ ಮೇಲೆ ಕೋರ್ಟಿಗೆ ಹೋಗದೆ ತಮ್ಮ ಕಾಂಪೌಂಡನ್ನು ತಾವೇ ಒಡೆಸಿದ ಆ ಎರಡು ಮನೆಯವರಿಗೆ ಸ್ವಲ್ಪ ಜಾಸ್ತಿ. ಕಾಗದ ಎಲ್ಲ ಸರಿ ಇದೆ ಅಂತ ನಂಬಿ ಕೊಂಡವರು ಅವರು. ಕಾಲುವೆಯನ್ನು ಕಿರಿದು ಮಾಡಿ ಸೈಟು ಮಾರಿದವರು ಬೇರೆ, ಅವರು ಯಾವತ್ತೋ ದುಡ್ಡು ಎಣಿಸಿಕೊಂಡು ಹೋಗಿದ್ದಾರೆ.

ಇನ್ನು ಮುಂದಿನದೆಲ್ಲ ಕಾಲುವೆಯ ಕಸ, ಹೂಳು ತೆಗೆಯುವ ನಮ್ಮ ಗ್ಯಾಂಗ್‌ಮನ್ ಅಣ್ಣನಿಗೆ. "ಹೆಸ್ರು ಹಾಕ್ಬೇಡಿ ಅಕ್ಕ, ಆಮೇಲೆ ಆಫೀಸಲ್ಲಿ ಒಂದಕ್ಕೆ ಎರಡು ಮಾತಾಡ್ತಾರೆ" ಅಂದಿದ್ದಾರೆ. ಹಾಕುವುದಿಲ್ಲ. ಮಂಡಿವರೆಗೆ ಮಡಚಿದ ಪ್ಯಾಂಟು, ಸೈಕಲ್ಲಿಗೆ ಕಟ್ಟಿದ ಕೊಕ್ಕೆ ಕೋಲು ಅಂದರೆ ಬೀದಿಯವರಿಗೆ ಸಾಕು.

ಆ ಭಾನುವಾರ ರಾತ್ರಿ ಅವರಿಗೆ ಡ್ಯೂಟಿ ಇರಲಿಲ್ಲ. ಮಳೆಯ ಸದ್ದು ಕೇಳಿಯೇ ಮೋರಿ ಬಾಯಿ ಕಟ್ಟಿಕೊಂಡಿರುತ್ತದೆ ಅಂತ ಅಂದಾಜು ಮಾಡಿ ಬಂದಿದ್ದರು. ಬಂದವರು ಮೊದಲು ಮಾಡಿದ್ದು ಲೈನ್‌ಮನ್‌ಗೆ ಫೋನ್. ಟ್ರಾನ್ಸ್‌ಫಾರ್ಮರ್ ಆಫ್ ಆಗುವವರೆಗೆ ಯಾರನ್ನೂ ನೀರಿಗೆ ಇಳಿಯಲು ಬಿಡಲಿಲ್ಲ. ಕತ್ತಲಾಯಿತಲ್ಲ ಅಂತ ನಾವು ಗೊಣಗಿದೆವು. ಮರುದಿನ ರಾತ್ರಿ ನಮ್ಮ ಕಡೆಯಲ್ಲೇ ಒಬ್ಬ ಯುವತಿ ನೀರು ನಿಂತ ರಸ್ತೆಯಲ್ಲಿ ವಿದ್ಯುತ್ ಕಂಬ ಮುಟ್ಟಿ ತೀರಿಕೊಂಡ ಸುದ್ದಿ ಬಂತು. ಆಮೇಲೆ ಯಾರೂ ಗೊಣಗಲಿಲ್ಲ.

ಲೈಟ್ ಹೋದ ಮೇಲೆ ಅವರು ಪೆಂಡಾಲ್‌ನ ಇಬ್ಬರು ಹುಡುಗರನ್ನು ಕರೆದುಕೊಂಡು ಮೋರಿಗೆ ಹೋದರು. ಥರ್ಮಾಕೋಲ್, ಎಳನೀರು ಚಿಪ್ಪು, ಯಾರದೋ ಹಳೇ ಹಾಸಿಗೆ. ಕೊಕ್ಕೆ ಹಾಕಿ ಒಂದೊಂದೇ ಎಳೆದರು. ವಾಪಸ್ ಬರುವಾಗ ನಮ್ಮ ಹಾಲ್‌ನಲ್ಲಿ ನೀರು ಮಂಡಿಗೆ ಬಂದಿತ್ತು. ಅಪ್ಪ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಯಾರೊಂದಿಗೂ ಮಾತಿಲ್ಲ. ಎರಡು ತಿಂಗಳಿಂದ ನರ್ಸ್ ಮುಟ್ಟಿದರೂ ರೇಗುತ್ತಿದ್ದ ಮನುಷ್ಯ. ಅಣ್ಣ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟರು. "ಯಜಮಾನ್ರೇ, ನನ್ ಕತ್ತು ಗಟ್ಟಿಯಾಗಿ ಹಿಡ್ಕಳಿ. ನಮ್ಮಪ್ಪನ್ನೂ ಹಿಂಗೇ ಹೊತ್ತಿದೀನಿ" ಅಂದರು. ಅಪ್ಪ ಹಿಡಿದುಕೊಂಡರು. ನಾನು ಟಾರ್ಚ್ ಹಿಡಿದು ಹಿಂದೆ ನಡೆದೆ. ಎದುರು ಮನೆಯ ಮೊದಲ ಮಹಡಿಗೆ ಹೋಗಿ ಇಳಿಸಿದರು.

ಅಷ್ಟು ಮಾಡಿ ಹೋಗಿದ್ದರೂ ಜೀವನಪೂರ್ತಿ ನೆನೆಯುತ್ತಿದ್ದೆ. ಅವರು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಎದುರಿಗೆ ಪ್ಲಾಸ್ಟರ್ ಆಗದ ಇಟ್ಟಿಗೆ ಗೋಡೆ ಇತ್ತು. ಅದರ ಮೇಲೆ ಟಾರ್ಚ್ ಬಿಟ್ಟು ನೀರು ಎಷ್ಟನೇ ವರಸೆಗೆ ಬಂತು ಅಂತ ನೋಡುತ್ತಿದ್ದರು. "ಆರನೇ ವರಸೆ ಮುಳುಗಿದ್ರೆ ಎಬ್ಬಿಸ್ತೀನಿ ಅಕ್ಕ, ಅಲ್ಲೀವರ್ಗೂ ಮಲಗಿ" ಅಂದರು. ಮಧ್ಯೆ ಮಧ್ಯೆ ಎದ್ದು ಮೋರಿಗೆ ಹೋಗಿ, ಸಿಕ್ಕಿದ್ದು ಎಳೆದು, ಮತ್ತೆ ಬಂದು ಕೂರುತ್ತಿದ್ದರು. ಅವರ ಮನೆ ಹಳೇ ಹಳ್ಳಿಯ ಒಳಗೆ, ಸ್ವಲ್ಪ ದಿಬ್ಬದ ಮೇಲೆ. ಹಳೇ ಕಾಲದವರು ಮನೆ ಎಲ್ಲಿ ಕಟ್ಟಬೇಕು ಅಂತ ನೋಡಿ ಕಟ್ಟಿದ್ದರು ಅನ್ನಿ.

ನಿದ್ದೆ ಯಾರಿಗೆ ಬರಬೇಕು? ಅಪ್ಪ ತಾವಾಗಿಯೇ ಮಾತು ತೆಗೆದರು. ಯಾವ ಊರು, ಎಷ್ಟು ಜಮೀನು ಇತ್ತು, ಏನು ಬೆಳೆಯುತ್ತಿದ್ದಿರಿ. ನಮ್ಮ ಸೈಟು ಇರುವ ಜಾಗ ಕೆರೆ ಅಚ್ಚುಕಟ್ಟಿನ ಗದ್ದೆ ಬಯಲು ಅಂತ ನಮಗೆ ಗೊತ್ತಾದದ್ದೇ ಆಗ. ತೂಬು ಎಲ್ಲಿತ್ತು, ಕೋಡಿ ಬಿದ್ದರೆ ನೀರು ಯಾವ ಮಗ್ಗುಲಲ್ಲಿ ಬರುತ್ತಿತ್ತು, ಎಲ್ಲ ಹೇಳಿದರು. ಅಪ್ಪ ಹೊಳೆನರಸೀಪುರದ ಕಡೆಯ ರಾಜಮುಡಿ ಅಕ್ಕಿಯನ್ನು ಹೊಗಳಿದರು. ಅಣ್ಣ ಒಪ್ಪಲಿಲ್ಲ, ನಮ್ಮ ಕೆರೆ ಕೆಳಗಿನ ಭತ್ತಕ್ಕೆ ಯಾವುದೂ ಸಮ ಇಲ್ಲ ಅಂದರು. ಬೆಳಗಿನ ಜಾವದವರೆಗೂ ಇಬ್ಬರದ್ದೂ ಇದೇ ಜಗಳ. ಅಷ್ಟು ದಿನದಲ್ಲಿ ಅಪ್ಪ ಅಷ್ಟು ಮಾತಾಡಿದ್ದು ಅದೊಂದೇ ರಾತ್ರಿ. ನೀರು ಆರನೇ ವರಸೆ ಮುಟ್ಟಲಿಲ್ಲ.

ಅಪ್ಪ ಮರುವರ್ಷ ಹೋದರು. ಮಳೆಯಿಂದ ಅಲ್ಲ, ಡಾಕ್ಟರ್ ಎಲ್ಲ ವಿವರಿಸಿದ್ದಾರೆ. ಆದರೂ ಒದ್ದೆ ಹಾಸಿಗೆ, ಆ ಚಳಿ, ಬೇರೆಯವರ ಮನೆಯಲ್ಲಿ ಕಳೆದ ದಿನಗಳು ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಕಾಯಿಲೆಯ ಮನುಷ್ಯನನ್ನು ಹೊತ್ತುಕೊಂಡು ಓಡುವ ಹಾಗೆ ಮಾಡಿದ್ದು ಯಾರು? ಗದ್ದೆಯನ್ನು ಸೈಟು ಮಾಡಿದವರಾ, ಅದಕ್ಕೆ ಸಹಿ ಹಾಕಿದವರಾ, ಹೂಳು ಎತ್ತಿದ್ದೇವೆ ಅಂತ ಬಿಲ್ ಬರೆದವರಾ? ಒಬ್ಬರ ಹೆಸರು ಸಿಕ್ಕರೆ ಬಾಯಿತುಂಬ ಬೈದು ಹಗುರ ಆಗಬಹುದಿತ್ತು. ಸಿಗುವುದಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ, ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ನೀರು ಇಳಿದ ಮೇಲೆ ಅಣ್ಣ ಮಾಡಿದ ಇನ್ನೊಂದು ಕೆಲಸಕ್ಕೆ ಇಡೀ ಬೀದಿ ಋಣಿ. ಒಂದು ಭಾನುವಾರ ನಮ್ಮನ್ನೆಲ್ಲ ಕಾಲುವೆ ಗುಂಟ ನಡೆಸಿದರು. ನಮ್ಮ ಮನೆ ಮುಂದಿನ ನೀರು ಸೌಳು ಕೆರೆ ದಾಟಿ, ಬೆಳ್ಳಂದೂರು ಕೆರೆ ಸೇರಿ, ವರ್ತೂರು ಕೆರೆಗೆ ಹೋಗಿ, ಕೊನೆಗೆ ದಕ್ಷಿಣ ಪಿನಾಕಿನಿ ನದಿಗೆ ಬೀಳುತ್ತದೆ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಹಳೇ ಗ್ರಾಮ ನಕಾಶೆ ಹಿಡಿದು ನೋಡಿದರೆ ಕಾಲುವೆ ಎಲ್ಲೆಲ್ಲಿ ಸೊರಗಿದೆ ಅಂತ ಮಕ್ಕಳಿಗೂ ಕಂಡಿತು. ನಮ್ಮ ಮೋರಿಯ ಕೊಳವೆಗಳು ಗದ್ದೆ ಕಾಲದವು. ಮೇಲೆ ಎಷ್ಟು ಕಾಂಕ್ರೀಟ್ ಆಯಿತೋ ಅಷ್ಟು ನೀರು ಇಂಗದೆ ಓಡಿ ಬರುತ್ತದೆ, ಕೊಳವೆ ಮಾತ್ರ ಅಷ್ಟೇ. ಮುಂದೆ ಪಾಲಿಕೆ ಮೀಟಿಂಗ್‌ಗಳಲ್ಲಿ "ನೀರು ಬರುತ್ತೆ ಸಾರ್" ಅಂತ ಅಳುವುದು ನಿಂತಿತು. ಈ ಮೋರಿ ಬಾಕ್ಸ್ ಕಲ್ವರ್ಟ್, ಅಂದರೆ ಕೊಳವೆ ಬದಲು ಕಾಂಕ್ರೀಟಿನ ಅಗಲ ಚೌಕ ಮೋರಿ ಆಗಬೇಕು, ಇಷ್ಟು ಉದ್ದ ತಡೆಗೋಡೆ ಬೇಕು, ಇಲ್ಲಿ ಕಸ ತಡೆಯುವ ಜಾಲರಿ ಬೇಕು ಅಂತ ಕೇಳಲು ಬಂತು. ಆಯ್ಕೆಯಾದ ಕಾರ್ಪೊರೇಟರ್‌ಗಳು 2020ರ ಸೆಪ್ಟೆಂಬರ್‌ನಿಂದಲೇ ಇರಲಿಲ್ಲ, ನೆನಪಿದೆಯಲ್ಲ? ಕೇಳುವುದಕ್ಕೆ ನಾವೇ ಇದ್ದದ್ದು.

ಕೆಲಸ ಮುಗಿಯುವಷ್ಟರಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಮುಗಿಯಿತು. 2025ರ ಸೆಪ್ಟೆಂಬರ್ 2ರಿಂದ ಐದು ನಗರ ಪಾಲಿಕೆ. ಬೋರ್ಡ್ ಬದಲಾಯಿತು, ಸೈಕಲ್ಲು ಮತ್ತು ಕೊಕ್ಕೆ ಕೋಲು ಹಾಗೇ ಇವೆ.

ಒಂದು ಮಾತು ಹೇಳದೇ ಇದ್ದರೆ ಸರಿ ಹೋಗುವುದಿಲ್ಲ. 2025ರ ಮೇ 18ರ ರಾತ್ರಿಯ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿತಲ್ಲ, ಆ ವಿಡಿಯೊಗಳನ್ನು ನಾನು ಪೂರ್ತಿ ನೋಡಲಿಲ್ಲ. ಅಲ್ಲಿಯ ನೀರು ಬೇರೆ ಕಣಿವೆಯದು, ರೈಲ್ವೆ ಹಳಿ ಕೆಳಗೆ ನೀರು ಹಾಯುವ ಕಿರಿದಾದ ವೆಂಟ್‌ನಲ್ಲಿ ಸಿಕ್ಕಿಹಾಕಿಕೊಂಡದ್ದು. ನಮಗೆ ಸಂಬಂಧ ಇಲ್ಲ. ಆದರೂ ಪ್ರಶ್ನೆ ಬಂತು. ನಮ್ಮ ಕಾಲುವೆಯಲ್ಲಿ ಈಗ ನೀರು ಬೇಗ ಓಡುತ್ತದೆ. ಬೇಗ ಓಡಿ ಯಾರ ಬಾಗಿಲಿಗೆ ಹೋಗುತ್ತದೆ? ಅಣ್ಣನನ್ನು ಕೇಳಿದೆ. "ಅದ್ಕೇ ಮೇಲ್ಗಡೆ ಕೆರೇಲಿ ಹೂಳು ತೆಗೀಬೇಕು ಅಕ್ಕ, ನೀರು ಅಲ್ಲೇ ಒಂದೆರಡು ದಿನ ಕೂರ್ಬೇಕು" ಅಂದರು. ಅದರ ಅರ್ಜಿಯೂ ಕೊಟ್ಟಿದ್ದೇವೆ. ಮನೆಗಳಲ್ಲಿ ಇಂಗುಗುಂಡಿ ಮಾಡಿಸಿದವರಿಗೂ ಇಲ್ಲೇ ಥ್ಯಾಂಕ್ಸ್, ಮಾಡಿಸದವರು ಯಾರು ಅಂತ ಪಟ್ಟಿ ನನ್ನ ಹತ್ತಿರ ಇದೆ!

ಕಾಲುವೆಯ ತಡೆಗೋಡೆ ಬಗ್ಗೆ ಬರೆಯದಿದ್ದರೆ ಮಕ್ಕಳು ಬಿಡುವುದಿಲ್ಲ. ಮೊದಲು ಅಡ್ರೆಸ್ ಹೇಳುವಾಗ ಕಾಲುವೆಯ ಸುದ್ದಿ ಎತ್ತದೆ ದೇವಸ್ಥಾನದ ಗುರುತು ಹೇಳುತ್ತಿದ್ದೆವು. ಈಗ ಡೆಲಿವರಿ ಹುಡುಗರಿಗೂ "ಬಣ್ಣದ ಗೋಡೆ" ಅಂದರೆ ಸಾಕು. ಬಣ್ಣ ಪಾಲಿಕೆಯದು, ಚಿತ್ರ ಸರ್ಕಾರಿ ಶಾಲೆ ಮಕ್ಕಳದು. ಕೆರೆಯಿಂದ ಪಿನಾಕಿನಿವರೆಗಿನ ದಾರಿಯನ್ನು ಉದ್ದಕ್ಕೂ ಬರೆದಿದ್ದಾರೆ. ವರ್ತೂರಿನ ಹತ್ತಿರ ಕೊಳಕು ನೀರಿನ ನೊರೆ ಬಿಡಿಸಿದ ಹುಡುಗಿಗೆ ಒಬ್ಬ ಅಂಕಲ್ "ಅದು ಬೇಡಮ್ಮ, ಚೆನ್ನಾಗಿ ಕಾಣಲ್ಲ" ಅಂದರು. ಅವಳು ಇನ್ನೂ ಸ್ವಲ್ಪ ಬಿಳಿ ಬಣ್ಣ ಹಚ್ಚಿದಳು. ಸರಿಯಾಗೇ ಮಾಡಿದಳು. ಈ ಸಲದ ರಾಜ್ಯೋತ್ಸವದ ಬಾವುಟ ಅಲ್ಲೇ ಹಾರಿತು. ಕಾಲುವೆ ಇನ್ನೂ ವಾಸನೆ ಬರುತ್ತದೆ, ಅದು ಬೇರೆ. ಮೇಲಿನಿಂದ ಒಳಚರಂಡಿ ನೀರು ಬಂದು ಸೇರುವುದು ನಿಲ್ಲುವವರೆಗೆ ಆ ವಾಸನೆ ಹೋಗುವುದಿಲ್ಲ. ಆದರೂ ಜನ ಅಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಣ್ಣನಿಗೆ ಶಾಲು ಹೊದಿಸಲು ಹೋದರೆ ಎರಡು ನಿಮಿಷ ನಿಂತು, ಶಾಲು ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿ, ಕೆಲಸ ಇದೆ ಅಂತ ಹೊರಟರು.

ಶಾಲು ಹೊದಿಸಿದ್ದು ನಮ್ಮ ಸಮಾಧಾನಕ್ಕೆ. ಅವರಿಗೆ ಬೇಕಾದದ್ದು ಬೇರೆ. 2025ರ ಮೇ 1ರಂದು ನಗರದ 12,692 ಪೌರಕಾರ್ಮಿಕರಿಗೆ ಕಾಯಂ ಆದೇಶ ಸಿಕ್ಕಿತು. ನಮ್ಮ ಬೀದಿ ಗುಡಿಸುವ ಅಕ್ಕನಿಗೂ ಸಿಕ್ಕಿದೆ, ಅವತ್ತು ಅವರು ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಅಣ್ಣ ಗುತ್ತಿಗೆಯವರು, ಆ ಪಟ್ಟಿಯಲ್ಲಿ ಇಲ್ಲ. ಕೆಲವು ತಿಂಗಳು ಸಂಬಳವೂ ತಡ. ಗಮ್‌ಬೂಟ್ ಕೂಡ ನಾವು ಚಂದಾ ಎತ್ತಿ ಕೊಡಿಸಿದ್ದು. ಕಾಲುವೆ ಗ್ಯಾಂಗ್‌ಮನ್‌ಗಳಿಗೂ ನೇರ ವೇತನ, ಮಳೆಗಾಲಕ್ಕೆ ಸರಿಯಾದ ಬೂಟು, ಕೈಗವಸು, ರೇನ್‌ಕೋಟು ಕೊಡಿ ಅಂತ ಪಾಲಿಕೆ ಕಮಿಷನರ್‌ಗೆ ಮನವಿ ಬರೆದಿದ್ದೇವೆ. ಪತ್ರ ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿದೆ. ಬಾಡಿಗೆಯವರೂ ಸಹಿ ಹಾಕಬಹುದು. ಹೆಸರಿನ ಪಕ್ಕ ಮನೆ ನಂಬರ್ ಬರೆಯಿರಿ, ಹೋದ ಸಲ ನಂಬರ್ ಇಲ್ಲ ಅಂತಲೇ ಅರ್ಜಿ ವಾಪಸ್ ಬಂದಿತ್ತು. ಶನಿವಾರ ಸಂಜೆ ತೆಗೆದುಕೊಂಡು ಹೋಗುತ್ತೇನೆ.