ಸಲೀಸಾಗಿ ಬರೋದನ್ನೂ ಲೆಕ್ಕಕ್ಕೆ ಹಿಡಿ

ಬ್ಯಾಡಗಿ

ಚಿ. ಶಿವಾನಂದನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ವೈನಿ ಫೋನಿನಲ್ಲಿ ಹೇಳಿದರು. ಹುಬ್ಬಳ್ಳಿಯ ಶೋರೂಮಿನಲ್ಲಿ ಟ್ರ್ಯಾಕ್ಟರ್ ಮಾರೋದು ನಿನ್ನ ಕೈಲಿ ಆಗುತ್ತಿಲ್ಲವಂತೆ, ಮಾತುಗಾರಿಕೆ ಕಲಿಸೋ ಕ್ಲಾಸಿಗೆ ಸೇರುತ್ತೀಯಂತೆ. ಬೇಡ ಅನ್ನುವುದಿಲ್ಲ. ಆದರೆ ನಿನ್ನ ಹತ್ತಿರ ಈಗಾಗಲೇ ಏನಿದೆ ಅಂತ ಮೊದಲು ನೋಡಿಕೋ.

ಹೋದ ಸೀಸನ್ನಿನಲ್ಲಿ ನಮ್ಮ ದಲಾಲಿ ಅಂಗಡಿಗೆ ರೋಣದ ಕಡೆಯ ರೈತರೊಬ್ಬರು ಮಾಲು ಮಾರಿದ ಲೆಕ್ಕದ ಪಟ್ಟಿ ಹಿಡಿದುಕೊಂಡು ಸಿಟ್ಟಿನಿಂದ ಬಂದಿದ್ದರು. ಗುಮಾಸ್ತ ಅವರಿಗಿಂತ ಜೋರು ಮಾಡಿದ. ನೀನು ಅವರನ್ನು ಕೂರಿಸಿದೆ, ಚಹಾ ತರಿಸಿದೆ. ಚೀಲ, ತೂಕ, ದರ, ಹಮಾಲಿ ಅಂತ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಬರೆಯೋದು ಬಿಟ್ಟುಹೋಗಿದ್ದ ಒಂದು ಚೀಲ ಸಿಕ್ಕಿತು. ಅವರು ಈ ವರ್ಷವೂ ಮಾಲು ನಮ್ಮಲ್ಲಿಗೇ ತಂದರು. ಬಂದವರೇ 'ಆ ಹುಡುಗ ಎಲ್ಲಿ' ಅಂತ ಕೇಳಿದರು. ನಿನಗೆ ಇದು ನೆನಪೂ ಇರಲಿಕ್ಕಿಲ್ಲ. ಸಲೀಸಾಗಿ ಬರೋದನ್ನು ನಾವು ಕೆಲಸ ಅಂತಲೇ ಎಣಿಸುವುದಿಲ್ಲ. ಜನ ಯಾತಕ್ಕೆ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ, ಅದನ್ನು ಗಮನಿಸು.

ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರದಲ್ಲಿ ಗುಂಟೂರಿನದಕ್ಕೆ ಸಮ ಬರುವುದಿಲ್ಲ. ದರ ಸಿಗೋದು ಬಣ್ಣಕ್ಕೆ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಖಾರ ಕಮ್ಮಿ ಅಂತ ಇಲ್ಲಿ ಯಾರೂ ಕೊರಗುವುದಿಲ್ಲ.

ಮ್ಯಾನೇಜ್‌ಮೆಂಟ್ ಬಗ್ಗೆ ಬಹಳ ಬರೆದ ಪೀಟರ್ ಡ್ರಕ್ಕರ್ 1999ರ ಒಂದು ಲೇಖನದಲ್ಲಿ ಒಳ್ಳೆಯ ದಾರಿ ಹೇಳಿದ್ದಾರೆ. ದೊಡ್ಡ ನಿರ್ಧಾರ ಮಾಡಿದಾಗ ಏನಾಗಬಹುದು ಅಂತ ಬರೆದಿಡಬೇಕು. 9ರಿಂದ 12 ತಿಂಗಳು ಬಿಟ್ಟು, ಆದದ್ದರ ಜೊತೆ ಹೋಲಿಸಬೇಕು. ಹೀಗೆ ಎರಡು ಮೂರು ವರ್ಷ ಮಾಡಿದರೆ ನಾವು ಎಲ್ಲಿ ಗಟ್ಟಿ ಅಂತ ತಿಳಿಯುತ್ತದೆ. ಏನೂ ಬಾರದ ಕೆಲಸದಲ್ಲಿ ಸುಮಾರು ಅನ್ನಿಸಿಕೊಳ್ಳಲಿಕ್ಕೇ ಜಾಸ್ತಿ ಶ್ರಮ ಬೇಕು, ಚೆನ್ನಾಗಿ ಬರೋದನ್ನು ಇನ್ನೂ ಚೆನ್ನಾಗಿ ಮಾಡಲಿಕ್ಕೆ ಅಷ್ಟು ಬೇಡ ಅಂತಾರೆ ಅವರು. ಈ ಮಾತು ನನಗೆ ಪೂರ್ತಿ ಒಪ್ಪಿಗೆ. ನೀನೂ ಒಂದು ನೋಟ್‌ಬುಕ್ ಇಡು.

ಕೆಟ್ಟ ರೂಢಿ ಮಾತ್ರ ತಿದ್ದಿಕೊಳ್ಳಲೇಬೇಕು. ಯಾರಾದರೂ ಬೈದರೆ ಎರಡು ದಿನ ಮಾತು ಬಿಡುತ್ತೀಯಲ್ಲ, ಅದು ಬೇಡ ಮಗಾ.

ಟ್ರ್ಯಾಕ್ಟರ್ ಒಯ್ದ ರೈತರ ತಕರಾರು, ಸರ್ವಿಸ್ ನೋಡಿಕೊಳ್ಳೋ ಕೆಲಸ ಮೂರು ತಿಂಗಳ ಮಟ್ಟಿಗೆ ಕೊಡಿ ಅಂತ ಮ್ಯಾನೇಜರನ್ನು ಕೇಳು. ನಮ್ಮ ಅಂಗಡಿಯ ಆ ಪ್ರಸಂಗವನ್ನೂ ಹೇಳು, ಸಂಕೋಚ ಪಡಬೇಡ. ಏನಂದರು ಅಂತ ಭಾನುವಾರ ಸಂಜೆ ಫೋನ್ ಮಾಡು. ಸೋಮವಾರ ಮಾರ್ಕೆಟ್ ದಿನ, ನನಗೆ ಪುರುಸೊತ್ತು ಇರುವುದಿಲ್ಲ.

ನಿನ್ನ ಕಾಕಾ