ಓದಲೇಬೇಕಾದ ಮಾಂಗಾ: ಒನೋಮಿಚಿಯ ಹುಡುಗನ ಕಥೆ

ಗೆಳೆಯ ಗೆಳತಿಯರೇ, ನಮ್ಮ ಗುಂಪಿನಲ್ಲಿ ಮನಸ್ಸನ್ನು ಹಿಂಡುವಂಥ ಮಾಂಗಾ (ಜಪಾನಿನ ಚಿತ್ರಕಥೆ) ಕೇಳಿದ್ದಿರಿ. ನನ್ನ ಮೊದಲ ಆಯ್ಕೆ ಯುಹ್ಕಿ ಕಮಾತಾನಿ ಅವರ ‘ಅವರ್ ಡ್ರೀಮ್ಸ್ ಅಟ್ ಡಸ್ಕ್’. ನಾಲ್ಕೇ ಸಂಪುಟ, ಇಂಗ್ಲಿಷಿನಲ್ಲಿ ಸಿಗುತ್ತದೆ.

ಕಥೆ ನಡೆಯುವುದು ಹಿರೋಶಿಮಾ ಪ್ರಾಂತ್ಯದ ಒನೋಮಿಚಿಯಲ್ಲಿ. ಕಡಲಿಗೆ ಮುಖ ಮಾಡಿದ ಗುಡ್ಡದ ಊರು. ತಾಸುಕು ಎಂಬ ಹೈಸ್ಕೂಲು ಹುಡುಗನ ಮೊಬೈಲಿನಲ್ಲಿದ್ದ ವಿಡಿಯೊ ಸಹಪಾಠಿಗಳ ಕಣ್ಣಿಗೆ ಬೀಳುತ್ತದೆ. ತಾನು ಗೇ ಎಂಬುದು ಬಯಲಾಯಿತೆಂದು ಅವನು ಸಾಯಲು ಹೊರಡುತ್ತಾನೆ. (ಆರಂಭವೇ ಇದು. ಮನಸ್ಸು ಕುಗ್ಗಿರುವವರು ಈಗ ಓದಬೇಡಿ, ಪುಸ್ತಕ ಕಾಯುತ್ತದೆ.) ಅಲ್ಲಿಂದ ಅವನು ತಲುಪುವುದು ಯಾರು ಬೇಕಾದರೂ ಬಂದು ಕೂರಬಹುದಾದ ಒಂದು ಮನೆಗೆ. ಅಲ್ಲಿಯವರು ಪಾಳುಬಿದ್ದ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತಾರೆ, ಇವನೂ ಕೈಜೋಡಿಸುತ್ತಾನೆ.

ನನ್ನನ್ನು ಅಲುಗಾಡಿಸಿದ್ದು ಮಿಸೋರಾಳ ಭಾಗ. ಹೊರಗೆ ಹುಡುಗನಂತೆ ಇದ್ದು, ಆ ಮನೆಯೊಳಗೆ ಮಾತ್ರ ಹುಡುಗಿಯ ಉಡುಪು ತೊಡುವ ಮಗು ಅದು. ಒಳ್ಳೆಯ ಮನಸ್ಸಿನಿಂದಲೇ ತಾಸುಕು ಅವಳಿಗೆ ಯುಕಾತಾ (ಬೇಸಿಗೆಯ ತೆಳು ಕಿಮೋನೊ) ತೊಡಿಸಿ ಹಬ್ಬಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಆಗಬಾರದ್ದು ಆಗುತ್ತದೆ. ನೊಂದವನೂ ಇನ್ನೊಬ್ಬರನ್ನು ನೋಯಿಸಬಲ್ಲ ಎಂಬುದನ್ನು ಕಮಾತಾನಿ ಮುಚ್ಚಿಡುವುದಿಲ್ಲ. ಅದಕ್ಕಾಗಿಯೇ ಈ ಕೃತಿ ನನಗೆ ಇಷ್ಟು ಪ್ರಿಯ.

ಹೆಣ್ಣು–ಹೆಣ್ಣಿನ ಪ್ರೀತಿಯ ಕಥೆ ಬೇಕಿದ್ದರೆ ನಿಯೋ ನಕಾತಾನಿ ಅವರ ‘ಬ್ಲೂಮ್ ಇಂಟು ಯು’, ಎಂಟು ಸಂಪುಟ. ಪ್ರೀತಿ ಎಂದರೆ ಎದೆ ಝಲ್ಲೆನ್ನಬೇಕು ಎಂದು ಕಾದೂ ಕಾದೂ ಏನೂ ಅನ್ನಿಸದ ಯೂ ಎಂಬ ಹುಡುಗಿಯ ಗೊಂದಲವನ್ನು ಅವಸರವಿಲ್ಲದೆ ಬಿಡಿಸುತ್ತಾರೆ.

ಎರಡನ್ನೂ ಬಲದಿಂದ ಎಡಕ್ಕೆ ಓದಬೇಕು. ಓದಿದವರು ಇಲ್ಲಿ ಬರೆಯಿರಿ, ಕೊನೆಯನ್ನು ಮಾತ್ರ ಬಿಚ್ಚಿಡಬೇಡಿ. ಯಾರಾದರೂ ತಮ್ಮ ಬಗ್ಗೆ ಹೇಳಿಕೊಂಡರೆ ಆ ಮಾತು, ಸ್ಕ್ರೀನ್‌ಶಾಟ್ ಯಾವುದೂ ಗುಂಪಿನಿಂದ ಹೊರಗೆ ಹೋಗಕೂಡದು.