ಹೆಡ್ ಫೇಸಿಂಗ್‌ಗೆ ದುಡ್ಡು ತಗೊಂಡಿದ್ದೀರಿ, ಕೆಲಸ ಮಾಡಿದ್ದೀರಾ?

ಇವರಿಗೆ,
ಮಾಲೀಕರು, ಎಂಜಿನ್ ರೀಬೋರಿಂಗ್ ವರ್ಕ್‌ಶಾಪ್, ಹಾಸನ

ವಿಷಯ: ನೀವು ಎಂಜಿನ್ ಕೆಲಸ ಮಾಡಿಕೊಟ್ಟ ಪ್ರೀಮಿಯರ್ ಪದ್ಮಿನಿ ಕಾರಿನ 2 ಮತ್ತು 3ನೇ ಸಿಲಿಂಡರ್‌ನಲ್ಲಿ ಸಾಕಷ್ಟು ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ) ಇಲ್ಲದಿರುವುದು

ನಮಸ್ಕಾರ ಸಾರ್,

ಫೋನಿನಲ್ಲಿ ಪ್ರತಿ ಸಲ ಹೊಸ ಹೊಸ ಕಾರಣ ಕೇಳಿ ಸಾಕಾಗಿದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬೋರಿಂಗ್, ಹೊಸ ಪಿಸ್ಟನ್, ರಿಂಗ್, ವಾಲ್ವ್ ಗ್ರೈಂಡಿಂಗ್, ಹೆಡ್ ಫೇಸಿಂಗ್ (ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ನ ತಳ ಮಟ್ಟ ಮಾಡುವುದು) ಅಂತ ನೀವು ಬರೆದ ಬಿಲ್ ಪೂರ್ತಿ ಕಟ್ಟಿಯೇ ಗಾಡಿ ಚಿಕ್ಕಮಗಳೂರಿಗೆ ತಂದೆ. ಬೇಲೂರು ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗಲಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಏರು ಶುರುವಾಯಿತು ನೋಡಿ, ಬಣ್ಣ ಬಯಲಾಯಿತು. ಸೆಕೆಂಡ್ ಗೇರ್‌ನಲ್ಲಿ ಎಳೆಯುವುದೇ ಇಲ್ಲ, ಫಸ್ಟ್‌ನಲ್ಲಿ ತಿಣುಕುತ್ತಾ ಹೋಗುತ್ತದೆ, ಹಿಂದೆ ಬಂದ ಜೀಪಿನವರೆಲ್ಲಾ ಹಾರ್ನ್ ಹೊಡೆದು ಬೈದುಕೊಂಡೇ ಮುಂದೆ ಹೋದರು. ನಿಂತಲ್ಲಿ ಐಡಲಿಂಗ್ ಬಿಟ್ಟರೆ ಇಡೀ ಗಾಡಿ ನಡುಗುತ್ತದೆ. 1089 ಸಿಸಿ, ಇರೋದೇ ನಾಲ್ಕು ಸಿಲಿಂಡರ್, ಅದರಲ್ಲಿ ಎರಡು ಅರ್ಧ ಸತ್ತಿದ್ದರೆ ಇನ್ನೇನಾಗುತ್ತೆ ಹೇಳಿ.

ಇಲ್ಲಿ ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಚೆಕ್ ಮಾಡಿಸಿದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದು ನೋಡಿದೆವು. ಒಂದನೇದರಲ್ಲಿ 125 ಪಿಎಸ್‌ಐ, ಎರಡರಲ್ಲಿ 70, ಮೂರರಲ್ಲಿ 75, ನಾಲ್ಕರಲ್ಲಿ 120. ಮಧ್ಯದ ಎರಡೂ ಪ್ಲಗ್ ಕರ‍್ರಗೆ ಒದ್ದೆಯಾಗಿದ್ದವು.

ಈ ಲೆಕ್ಕ ಹೇಳಿದಾಗ ನೀವು ಕೊಟ್ಟ ಮೊದಲ ಉತ್ತರ, ನಿಮ್ಮದು ಗುಡ್ಡದ ಊರು, ಗಾಳಿ ತೆಳು, ಗೇಜ್ ಕಮ್ಮಿನೇ ತೋರಿಸುತ್ತೆ ಅಂತ. ಸರಿ, ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಒತ್ತಡ ಶೇ 11ರಷ್ಟು ಕಮ್ಮಿ ಇರುತ್ತದೆ, ಗೇಜ್‌ನಲ್ಲೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಹಾಸನವೇನು ಕಡಲ ತೀರದಲ್ಲಿ ಇದೆಯಾ? ಅದೂ ಹೋಗಲಿ, ಗುಡ್ಡದ ಗಾಳಿ 2 ಮತ್ತು 3ನೇ ಸಿಲಿಂಡರ್‌ಗೆ ಮಾತ್ರ ಬೀಸುತ್ತಾ?

ಆಮೇಲೆ ಹೊಸ ರಿಂಗ್, ಸೆಟ್ ಆಗಬೇಕು, ಓಡಿಸಿ ಅಂದಿರಿ. ರಿಂಗ್ ಕೂರುವುದಕ್ಕೆ ಟೈಮ್ ಬೇಕು, ಒಪ್ಪುತ್ತೇನೆ. ಆದರೆ ತೊಂದರೆ ರಿಂಗ್‌ನದಾಗಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಆ ಆಯಿಲ್ ರಿಂಗ್‌ನ ಸಂದು ಮುಚ್ಚಿ ಮುಳ್ಳು ಚೆನ್ನಾಗಿ ಮೇಲೇರಬೇಕು, ಅಲ್ವಾ? ಆಯಿಲ್ ಹಾಕಿ ನೋಡಿದೆವು, ಎರಡರಲ್ಲೂ 5 ಪಾಯಿಂಟ್‌ಗಿಂತ ಜಾಸ್ತಿ ಏರಲಿಲ್ಲ. ಅಂದರೆ ಗಾಳಿ ರಿಂಗ್ ದಾಟಿ ಕೆಳಗೆ ಹೋಗುತ್ತಿಲ್ಲ, ಮೇಲೆ ಎಲ್ಲೋ ಸೋರುತ್ತಿದೆ.

ಎಲ್ಲಿ ಅಂತಲೂ ನೋಡಿದ್ದಾಯಿತು. ಎರಡನೇ ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದಲ್ಲಿ ತುದಿಗೆ ತಂದು, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರು. ಆಯಿಲ್ ಹಾಕುವ ಕ್ಯಾಪ್ ತೆಗೆದು ಕಿವಿ ಕೊಟ್ಟರೆ ಸ್ವಲ್ಪ ಉಸಿರಿನ ಸದ್ದು, ಅದು ಎಲ್ಲಾ ಎಂಜಿನ್‌ನಲ್ಲೂ ಇರುವಂಥದ್ದೇ. ಪಕ್ಕದ ಮೂರನೇ ಪ್ಲಗ್ ತೂತಿನ ಮೇಲೆ ಅವರು ಬಗ್ಗಿದ್ದೇ ತಡ, ಒಳಗಿದ್ದ ಆಯಿಲ್ ಹನಿ ಹನಿಯಾಗಿ ಅವರ ಕನ್ನಡಕಕ್ಕೆ ಸಿಡಿಯಿತು. ಸಿಗರೇಟ್ ಪ್ಯಾಕಿನ ತೆಳು ಹಾಳೆ ಅಲ್ಲಿ ಹಿಡಿದರೆ ನಿಲ್ಲಲಿಲ್ಲ, ಬಾನೆಟ್‌ಗೆ ಹೋಗಿ ಅಂಟಿಕೊಂಡಿತು. ಎರಡನೇ ಸಿಲಿಂಡರ್‌ಗೆ ಬಿಟ್ಟ ಗಾಳಿ ಮೂರನೇದರಿಂದ ಹೊರಗೆ ಬರುತ್ತಿದ್ದರೆ ದಾರಿ ಹೆಚ್ಚುಕಮ್ಮಿ ಒಂದೇ, ಎರಡರ ಮಧ್ಯದ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್‌ಗೂ ಬ್ಲಾಕ್‌ಗೂ ನಡುವೆ ಸೋರದಂತೆ ಹಾಕುವ ತೆಳು ಪದರ.

ನಿಮ್ಮ ಹುಡುಗ ಇದನ್ನೇ ನೋಡಿ ಕಾರ್ಬುರೇಟರ್‌ನಲ್ಲೂ ಸೈಲೆನ್ಸರ್‌ನಲ್ಲೂ ಗಾಳಿ ಬರ್ತಿದೆ, ವಾಲ್ವ್ ಸೀಟ್ ಹೋಗಿದೆ, ಅದಕ್ಕೆ ಬೇರೆ ಚಾರ್ಜ್ ಆಗುತ್ತೆ ಅಂದ. ಈ ಎಂಜಿನ್‌ನಲ್ಲಿ 2 ಮತ್ತು 3 ಒಟ್ಟಿಗೇ ಮೇಲೆ ಬರುತ್ತವೆ ಸಾರ್, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-3-4-2. ಎರಡನೇದು ಕಂಪ್ರೆಶನ್‌ನಲ್ಲಿ ಇದ್ದಾಗ ಮೂರನೇದರ ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದೇ ಇರುತ್ತವೆ. ಗ್ಯಾಸ್ಕೆಟ್ ದಾಟಿ ಬಂದ ಗಾಳಿ ಅಲ್ಲಿಂದಲೂ ಹೋಗುತ್ತದೆ, ಹೋಗಲೇಬೇಕು. ಇಷ್ಟು ನಿಮಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಇನ್ನು ನೀರು ಕಮ್ಮಿ ಆಗ್ತಿಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಹಾಗಾಗಿ ಗ್ಯಾಸ್ಕೆಟ್ ಸರಿ ಇದೆ ಅಂತ ನೀವೇ ಹೇಳಿದ್ದು. ಗ್ಯಾಸ್ಕೆಟ್ ನೀರಿನ ದಾರಿಯ ಹತ್ತಿರ ಹೋದರೆ ತಾನೇ ಅದೆಲ್ಲಾ. ಸಿಲಿಂಡರ್‌ಗಳ ಮಧ್ಯದ ತೆಳು ಪಟ್ಟಿಯಷ್ಟೇ ಸುಟ್ಟಿದ್ದರೆ ರೇಡಿಯೇಟರ್‌ನಲ್ಲಿ ಒಂದು ಗುಳ್ಳೆಯೂ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಒಂದು ಸಲ ಬಿಸಿ ಜಾಸ್ತಿಯಾದರೂ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದಕ್ಕೇ ಫೇಸಿಂಗ್ ಮಾಡಿಸುವುದು. ಅದನ್ನು ನಿಜಕ್ಕೂ ಮೆಷಿನ್‌ಗೆ ಹಾಕಿದಿರಾ, ಇಲ್ಲಾ ಎಮರಿ ಪೇಪರ್‌ನಲ್ಲಿ ಉಜ್ಜಿ ಸುಮ್ನೆ ಬಿಲ್‌ನಲ್ಲಿ ಬರೆದಿರಾ? 500 ಕಿಲೋಮೀಟರ್ ಆದ ಮೇಲೆ ಬನ್ನಿ, ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಿಕೊಡ್ತೀವಿ ಅಂತಲೂ ಬಿಲ್ ಹಿಂದೆ ಬರೆದುಕೊಟ್ಟಿದ್ದೀರಿ. ಬಂದೆ. ಟಾರ್ಕ್ ರೆಂಚ್ (ಅಳತೆಗೆ ಸರಿಯಾಗಿ ಬೋಲ್ಟ್ ಬಿಗಿಯುವ ಸ್ಪ್ಯಾನರ್) ಬೇರೆ ಕಡೆ ಹೋಗಿದೆ ಅಂತ ಟೀ ಕುಡಿಸಿ ಕಳಿಸಿದಿರಿ. ಟೀ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ.

ಈಗ ನೀವು ಮಾಡಬೇಕಾದ್ದು, ನನ್ನ ಎದುರಿಗೆ ಹೆಡ್ ಬಿಚ್ಚಿ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ತೋರಿಸಿ. ಹೆಡ್ ಜೊತೆ ಬ್ಲಾಕಿನ ಮೇಲ್ಮೈಯನ್ನೂ ನೋಡಿ. ಸೊಟ್ಟಗಿದ್ದರೆ ಫೇಸಿಂಗ್, ಹೊಸ ಗ್ಯಾಸ್ಕೆಟ್, ಲೇಬರ್ ಎಲ್ಲಾ ನಿಮ್ಮ ಖರ್ಚು. ಬೋಲ್ಟ್ ಮಧ್ಯದಿಂದ ಶುರುಮಾಡಿ ಹಂತ ಹಂತವಾಗಿ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಮುಗಿದ ಮೇಲೆ ನಾಲ್ಕೂ ಸಿಲಿಂಡರ್ ಕಂಪ್ರೆಶನ್ ಅಳೆದು ಬಿಲ್ ಮೇಲೆ ಬರೆದು ಸಹಿ ಹಾಕಿ ಕೊಡಿ.

ಈ ವಾರದಲ್ಲಿ ದಿನ ತಿಳಿಸಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು, ಹಾಸನಕ್ಕೆ ಅಲೆಯಬೇಕಾಗಿಲ್ಲ, ಈ ಮೊತ್ತಕ್ಕೆ ಫೀಸೂ ಇಲ್ಲ. ಗೇಜ್ ಫೋಟೋ, ಹಾಳೆ ಹಾರಿದ ವಿಡಿಯೋ, ಬಿಲ್ ಎಲ್ಲಾ ಇದರ ಜೊತೆ ಕಳಿಸಿದ್ದೇನೆ.

ಮತ್ತೆ, ಬಿಚ್ಚಿದ ಗ್ಯಾಸ್ಕೆಟ್ ಗುಜರಿಗೆ ಹಾಕಬೇಡಿ. ಅದು ನನಗೆ ಬೇಕು.

ಇಂತಿ,
ಪದ್ಮಿನಿ ಗಾಡಿಯವನು, ಚಿಕ್ಕಮಗಳೂರು